ಜಾಲಹಳ್ಳಿಯಿಂದ ಕಂಠೀರವಕ್ಕೆ, ಒಬ್ಬ ಕೋಚ್‌ನನ್ನು ನೋಡಲು

2019ರ ಮಾರ್ಚ್. ಬೆಳಗಿನ ಬಸ್ಸು ಜಾಲಹಳ್ಳಿ ಬಿಟ್ಟು ತಿಂಥಣಿ ಕಡೆ ಹೊರಳುವಷ್ಟರಲ್ಲೇ ಬಿಸಿಲು ಒಳಗೆ ಬಂದು ಕೂತಿದೆ. ರಸ್ತೆಯ ಎರಡೂ ಬದಿ ಹತ್ತಿ ಬಿಡಿಸಿ ಮುಗಿದ ಹೊಲಗಳು, ಕಣದ ತುಂಬ ಹರವಿದ ಕೆಂಪು ಮೆಣಸಿನಕಾಯಿ. ಘಾಟಿಗೆ ಅರ್ಧ ಬಸ್ಸು ಸೀನುತ್ತದೆ, ಉಳಿದರ್ಧ ನಗುತ್ತದೆ. ಪಕ್ಕದ ಅಜ್ಜಿ ಕೇಳುತ್ತಾಳೆ: “ಎಲ್ಲಿಗೆ ಹೊಂಟೀಯಪಾ?” “ಬೆಂಗಳೂರಿಗೆ ಯವ್ವಾ, ಫುಟ್‌ಬಾಲ್ ನೋಡಾಕ.” “ಅಷ್ಟು ದೂರ ಚೆಂಡು ನೋಡಾಕ?” ಎಂದು ಅಜ್ಜಿ ಕಣ್ಣರಳಿಸುತ್ತಾಳೆ. ನಾನು ಹೊರಟಿರುವುದು ಚೆಂಡನ್ನೇ ಮುಟ್ಟದ ಮನುಷ್ಯನನ್ನು ನೋಡಲು ಎಂದರೆ ಇನ್ನೂ ಬೆರಗಾದಾಳು.

ಆ ಮನುಷ್ಯ ಬೆಂಗಳೂರು ಎಫ್‌ಸಿಯ ಕೋಚ್ ಕಾರ್ಲೆಸ್ ಕ್ವಾದ್ರಾತ್. 1968ರಲ್ಲಿ ಸ್ಪೇನ್‌ನ ಬಾರ್ಸಿಲೋನಾದಲ್ಲಿ ಹುಟ್ಟಿ, ಅದೇ ಊರಿನ ಹೆಸರಾಂತ ಕ್ಲಬ್‌ನ ಯುವ ತಂಡಗಳಲ್ಲಿ ಆಡಿ ಬೆಳೆದವರು. ಆಮೇಲಿನ ದಾರಿ ನೋಡಿ: ಟರ್ಕಿಯ ಗಲತಾಸರಾಯ್, ಸೌದಿ ಅರೇಬಿಯಾದ ರಾಷ್ಟ್ರೀಯ ತಂಡ, ಮಧ್ಯ ಅಮೆರಿಕದ ಎಲ್ ಸಾಲ್ವಡೋರ್. ಎಲ್ಲ ಕಡೆಯೂ ಮುಖ್ಯ ಕೋಚ್‌ನ ಬಗಲಿನ ಎರಡನೇ ಕುರ್ಚಿಯೇ. 2016ರಲ್ಲಿ ಆಲ್ಬರ್ಟ್ ರೋಕಾ ಬೆಂಗಳೂರಿಗೆ ಮುಖ್ಯ ಕೋಚ್ ಆಗಿ ಬಂದಾಗಲೂ ಕ್ವಾದ್ರಾತ್ ಸಹಾಯಕರಾಗಿಯೇ ಬಂದರು. 2018ರಲ್ಲಿ ರೋಕಾ ಹೋದ ಮೇಲೆ, ಐವತ್ತರ ಹೊಸ್ತಿಲಲ್ಲಿ, ಮೊದಲ ಕುರ್ಚಿ ಸಿಕ್ಕಿತು. ಅಷ್ಟು ಕಾದ ಮನುಷ್ಯ ಆ ಕುರ್ಚಿಯಲ್ಲಿ ಹೇಗಿರುತ್ತಾನೆ ಎಂಬ ಕುತೂಹಲವೇ ನನ್ನನ್ನು ಮನೆಯಿಂದ ಎಬ್ಬಿಸಿದ್ದು.

ಲಿಂಗಸುಗೂರು, ಮಸ್ಕಿ ದಾಟಿ ಸಿಂಧನೂರು ಬಂತೆಂದರೆ ನೆಲದ ಬಣ್ಣವೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಮಾರ್ಚ್‌ನಲ್ಲೂ ಭತ್ತ ಹಸಿರಾಗಿ ನಿಂತಿದೆ. ಇಲ್ಲಿ ಬಸ್ಸು ಹತ್ತಿದ ಹಿರಿಯರೊಬ್ಬರು ಫೋನಿನಲ್ಲಿ ಬಂಗಾಳಿ ಮಾತಾಡುತ್ತಾರೆ, ಕಂಡಕ್ಟರ್ ಹತ್ತಿರ ನಮ್ಮದೇ ಕನ್ನಡ: “ಸಿರಗುಪ್ಪಕ್ಕ ಒಂದು ಕೊಡ್ರಿ.” ಪೂರ್ವ ಬಂಗಾಳದಿಂದ ಬಂದವರಿಗಾಗಿ ಸಿಂಧನೂರು ತಾಲ್ಲೂಕಿನಲ್ಲಿ ಕಟ್ಟಿದ ಆರ್‌ಎಚ್ ಕ್ಯಾಂಪ್‌ನವರು. ಫುಟ್‌ಬಾಲ್ ಎಂದದ್ದೇ ತಡ, ಅವರ ಮುಖ ಬೆಳಗಿತು. “ನಾವು ಈಸ್ಟ್ ಬೆಂಗಾಲ್‌ನವ್ರು ನೋಡ್ರಿ, ಅಪ್ಪನ ಕಾಲದಿಂದ!” 1920ರಲ್ಲಿ ಕೊಲ್ಕತ್ತದಲ್ಲಿ ಹುಟ್ಟಿದ ಆ ಕ್ಲಬ್‌ನ ಮೇಲಿನ ಪ್ರೀತಿ ಇಲ್ಲಿಯ ಭತ್ತದ ಗದ್ದೆಗಳ ನಡುವೆ ಬೇರೂರಿದ್ದನ್ನು ನನ್ನದೇ ಜಿಲ್ಲೆಯಲ್ಲಿದ್ದೂ ನಾನು ತಿಳಿದಿರಲಿಲ್ಲ. ಸಿರಗುಪ್ಪದವರೆಗೂ ಅವರದು ಒಂದೇ ಮಾತು, ಕಪ್ಪು ಗೆದ್ದು ಬಹಳ ವರ್ಷವಾಯಿತು ಎಂಬ ಸಂಕಟ.

ಬಳ್ಳಾರಿಯಿಂದ ತೋರಣಗಲ್ಲಿಗೆ ಹೊರಳುತ್ತೇನೆ. ಉಕ್ಕಿನ ಕಾರ್ಖಾನೆಯ ಚಿಮಣಿಗಳು ಆಕಾಶಕ್ಕೆ ಚಾಚಿವೆ. ಅದಿರಿನ ಕೆಂಧೂಳು ಅಂಗಿಯ ಕಾಲರಿಗೂ ಚಹಾದ ಲೋಟಕ್ಕೂ ಸಮನಾಗಿ ಇಳಿಯುತ್ತದೆ. ಬೆಂಗಳೂರು ಎಫ್‌ಸಿಯ ಒಡೆಯರಾದ ಜೆಎಸ್‌ಡಬ್ಲ್ಯು ಸಮೂಹವೇ ಇಲ್ಲಿನ ವಿಜಯನಗರ ಟೌನ್‌ಶಿಪ್‌ನಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ತೆರೆದಿದೆ. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್, ಎಲ್ಲಕ್ಕೂ ಇಲ್ಲಿ ತರಬೇತಿ. ಅನುಮತಿಯಿಲ್ಲದೆ ಒಳಗೆ ಬಿಡುವಂತಿಲ್ಲ ಎಂದು ಕಾವಲುಗಾರ ವಿನಯದಿಂದಲೇ ಹೇಳುತ್ತಾನೆ. ಗೇಟಿನಾಚೆ ನಿಂತು ಇಣುಕಿದರೆ ಒಂದು ತುಂಡು ಹಸಿರು ಕಾಣುತ್ತದೆ. ಸುತ್ತ ಇಷ್ಟು ಕೆಂಪು ಇರುವಾಗ ಅಷ್ಟು ಹಸಿರು! ನಮ್ಮೂರಿನಿಂದ ಹಗಲು ಮುಗಿಯುವುದರೊಳಗೆ ಮುಟ್ಟಬಹುದಾದ ಜಾಗದಲ್ಲಿ ಇಂಥದ್ದೊಂದು ಇದೆ ಎಂಬುದೇ ನನಗೆ ಹಬ್ಬ.

ರಾತ್ರಿ ಹಂಪಿ ಎಕ್ಸ್‌ಪ್ರೆಸ್. ನನ್ನದು ನಡುವಿನ ಬರ್ತ್, ಕೆಳಗಿನವರಿಗೆ ನಿದ್ದೆ ಬರುವವರೆಗೆ ಅದನ್ನು ಎತ್ತಿ ಕಟ್ಟುವಂತಿಲ್ಲ, ಅವರಿಗೋ ಗುಂತಕಲ್ ದಾಟಿದರೂ ಮಾತು ಮುಗಿಯುವುದಿಲ್ಲ. ಮಾತು ಸ್ವಾರಸ್ಯವಾಗಿತ್ತು, ಹೀಗಾಗಿ ನಾನೂ ಕೂತೇ ಬೆಂಗಳೂರು ಸೇರಿದೆ. ಇಲ್ಲಿ ಯಾರೇ ಊರು ಕೇಳಿದರೂ “ಜಾಲಹಳ್ಳಿ” ಎನ್ನುತ್ತೇನೆ, ತಕ್ಷಣ ಅವರು ಹಸಿರು ಮಾರ್ಗದ ಮೆಟ್ರೋ ತೋರಿಸುತ್ತಾರೆ. “ಆ ಜಾಲಹಳ್ಳಿ ಅಲ್ರೀ, ದೇವದುರ್ಗದ ಹತ್ರದ್ದು” ಎಂದರೆ ಒಂದು ಕ್ಷಣ ಮೌನ, ಆಮೇಲೆ “ಓ, ಅಷ್ಟು ದೂರದಿಂದ ಬಂದ್ರಾ!” ಎಂಬ ಉಪಚಾರ.

ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿಳಿದು ಮರಗಳ ನೆರಳಲ್ಲಿ ನಡೆದರೆ ಶ್ರೀ ಕಂಠೀರವ ಕ್ರೀಡಾಂಗಣ. ಸಂಜೆಯಾಗುತ್ತಿದ್ದಂತೆ ರಸ್ತೆಯೆಲ್ಲ ನೀಲಿ: ಅಂಗಿ ನೀಲಿ, ಬಾವುಟ ನೀಲಿ, ಕೂಸುಗಳ ಕೆನ್ನೆ ನೀಲಿ. ಗೇಟಿನಲ್ಲಿ ನನ್ನ ಚೀಲ ತಡಕಿದ ಹುಡುಗನ ಕೈಗೆ ಸಿಕ್ಕಿದ್ದು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. “ತಿಂಡಿ ಒಳಗೆ ಬಿಡಲ್ಲ ಸಾರ್.” ಅಲ್ಲೇ ಕಟ್ಟೆಯ ಮೇಲೆ ಕೂತು ಬಿಚ್ಚಿದೆ, ಒಂದು ರೊಟ್ಟಿ ಅವನಿಗೂ ಕೊಟ್ಟೆ. ಚಟ್ನಿಯ ಖಾರಕ್ಕೆ ಅವನ ಕಣ್ಣಲ್ಲಿ ನೀರು, ಬಾಯಲ್ಲಿ ಮಾತ್ರ “ಸೂಪರ್!”

ಮಾರ್ಚ್ 11, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೆಮಿಫೈನಲ್‌ನ ಎರಡನೇ ಪಂದ್ಯ. ನಾಲ್ಕು ದಿನ ಹಿಂದೆ ಗುವಾಹಟಿಯಲ್ಲಿ ನಾರ್ತ್ ಈಸ್ಟ್ ಯುನೈಟೆಡ್ 2-1ರಿಂದ ಗೆದ್ದಿದೆ. ಪಶ್ಚಿಮ ಬ್ಲಾಕ್‌ನಲ್ಲಿ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನ ಹಾಡು, ಡೋಲು ನಿಲ್ಲುವುದೇ ಇಲ್ಲ, ಜಾತ್ರೆಯಲ್ಲಿ ತೇರು ಕದಲುವ ಹೊತ್ತಿನ ಆವೇಶ ಇಲ್ಲಿ ಗಂಟೆಗಟ್ಟಲೆ. ಅಂಕಣದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಆಟ ತುಸು ದೂರ. ಕ್ವಾದ್ರಾತ್‌ರ ಮುಖ ನನಗೆ ಸರಿಯಾಗಿ ಕಾಣುತ್ತಿಲ್ಲ, ಕೈಗಳು ಕಾಣುತ್ತವೆ. ಬಿಳಿ ಗೆರೆಯ ಅಂಚಿನಲ್ಲಿ ನಿಂತು ಒಮ್ಮೆ ಅಂಗೈ ಕೆಳಗೆ ಒತ್ತುತ್ತಾರೆ, ಒಮ್ಮೆ ಗಾಳಿಯಲ್ಲಿ ಅರ್ಧವೃತ್ತ ಬರೆಯುತ್ತಾರೆ. ಅಷ್ಟು ಗದ್ದಲದಲ್ಲಿ ಕೂಗು ಕೇಳಿಸುವಂತಿಲ್ಲ, ಆದರೂ ಆಚೆ ತುದಿಯ ಬ್ಯಾಕ್ ಆಟಗಾರ ನಾಲ್ಕು ಹೆಜ್ಜೆ ಸರಿಯುತ್ತಾನೆ.

“ಕಾರ್ನರ್ ಬಂದಾಗ ನೋಡಿ ಸಾರ್,” ಎನ್ನುತ್ತಾನೆ ಪಕ್ಕದ ತರುಣ. ಹೋದ ವರ್ಷ ಮಾರ್ಚ್ 17ರಂದು ಇದೇ ಅಂಗಳದಲ್ಲಿ ಫೈನಲ್. ರೋಕಾ ಮುಖ್ಯ ಕೋಚ್, ಕ್ವಾದ್ರಾತ್ ಬಗಲಲ್ಲಿ. ನಮ್ಮ ಸುನಿಲ್ ಚೆಟ್ರಿ ಮೊದಲು ಗೋಲು ಹೊಡೆದರೂ ಚೆನ್ನೈಯಿನ್ ತಂಡ 3-2ರಿಂದ ಕಪ್ಪು ಒಯ್ದಿತು. ಆ ಮೂರರಲ್ಲಿ ಎರಡು ಗೋಲು ಕಾರ್ನರ್‌ನಿಂದ, ಎರಡೂ ಮೈಲ್ಸನ್ ಆಲ್ವೆಸ್ ತಲೆಯಿಂದ. ಹೇಳುವಾಗ ಹುಡುಗನ ದನಿಯಲ್ಲಿ ಇನ್ನೂ ಆ ನೋವಿದೆ. ಈ ಸಲ ನಮ್ಮ ತಂಡಕ್ಕೆ ಕಾರ್ನರ್ ಸಿಕ್ಕಾಗ ನಾನು ಚೆಂಡು ಬಿಟ್ಟು ಆಟಗಾರರನ್ನು ನೋಡುತ್ತೇನೆ. ಗುಂಪಾಗಿ ಒಂದೇ ಕಡೆ ನಿಂತವರು ಚೆಂಡು ಏಳುವ ಗಳಿಗೆಗೆ ನಾಲ್ಕು ದಿಕ್ಕಿಗೆ ಒಡೆಯುತ್ತಾರೆ. ಒಬ್ಬ ಎದುರಾಳಿಗೆ ಅಡ್ಡವಾಗುತ್ತಾನೆ, ಒಬ್ಬ ಸುಮ್ಮನೆ ಹತ್ತಿರದ ಕಂಬಕ್ಕೆ ಓಡಿ ಮರುಳು ಮಾಡುತ್ತಾನೆ, ಮೂರನೆಯವ ತೆರವಾದ ಜಾಗಕ್ಕೆ ನುಗ್ಗುತ್ತಾನೆ. ಕಾಲುಗಳು ಅವರವು, ಯೋಚನೆ ಗೆರೆಯಾಚೆ ನಿಂತವರದು.

ಎಪ್ಪತ್ತು ನಿಮಿಷ ಕಳೆದರೂ ಗೋಲಿಲ್ಲ. ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಉಗುರು ಕಚ್ಚುತ್ತಿದೆ. 72ನೇ ನಿಮಿಷ, ವೆನೆಜುವೆಲಾದ ಮಿಕು! ಒಟ್ಟು ಲೆಕ್ಕ ಸಮ. 87ನೇ ನಿಮಿಷ, ಸ್ಪೇನ್‌ನ ದಿಮಾಸ್ ದೆಲ್ಗಾದೊ! ಕೊನೆಗಳಿಗೆಯಲ್ಲಿ ಚೆಟ್ರಿ! 3-0. ಗುರುತಿಲ್ಲದವರು ನನ್ನನ್ನು ಅಪ್ಪಿಕೊಳ್ಳುತ್ತಾರೆ, ನನ್ನ ಶಲ್ಯ ಯಾರದೋ ಕೈಯಲ್ಲಿ ಬಾವುಟವಾಗಿದೆ. ಆಟ ಮುಗಿದ ಮೇಲೆ ಆಟಗಾರರು ಪಶ್ಚಿಮ ಬ್ಲಾಕ್‌ನೆದುರು ಸಾಲಾಗಿ ನಿಂತು ತಲೆಯ ಮೇಲೆ ಕೈಯೆತ್ತಿ ಚಪ್ಪಾಳೆ ಹಾಕುತ್ತಾರೆ, ಇಡೀ ಅಂಗಳ ಅದೇ ತಾಳಕ್ಕೆ ಮರುಚಪ್ಪಾಳೆ ಕೊಡುತ್ತದೆ.

ಫೈನಲ್ ಮುಂಬೈಯಲ್ಲಿ, ಮತ್ತೆ ಅದೇ ಮಾರ್ಚ್ 17. ಅಷ್ಟೊತ್ತಿಗೆ ಊರು ಸೇರಿದ್ದ ನಾನು ನೆರೆಮನೆಯ ಟಿವಿಯೆದುರು. ಎಫ್‌ಸಿ ಗೋವಾ ವಿರುದ್ಧ ಗೋಲಿಲ್ಲದೆ ಹೆಚ್ಚುವರಿ ಆಟಕ್ಕೆ ಹೋಯಿತು, 117ನೇ ನಿಮಿಷ. ದಿಮಾಸ್ ಕಾರ್ನರ್ ಎತ್ತುತ್ತಾರೆ, ರಾಹುಲ್ ಭೆಕೆ ತಲೆ ಕೊಡುತ್ತಾರೆ, ಚೆಂಡು ಬಲೆಯೊಳಗೆ! ವರ್ಷದ ಹಿಂದೆ ಯಾವುದರಿಂದ ಕಪ್ಪು ಕೈತಪ್ಪಿತ್ತೋ ಅದರಿಂದಲೇ ಕಪ್ಪು ಬಂತು. ಲೀಗ್‌ನಲ್ಲಿ ಅಗ್ರಸ್ಥಾನ ಪಡೆದು ಫೈನಲನ್ನೂ ಗೆದ್ದ ಮೊದಲ ಐಎಸ್‌ಎಲ್ ತಂಡ ನಮ್ಮ ಬೆಂಗಳೂರು.

ಕೋಚ್‌ಗಳ ಬಾಳು ಅಲೆಮಾರಿಯದು. ಸತತ ಸೋಲುಗಳ ಬಳಿಕ 2021ರ ಜನವರಿಯಲ್ಲಿ ಕ್ವಾದ್ರಾತ್ ಬೆಂಗಳೂರು ಬಿಟ್ಟರು. 2023ರಲ್ಲಿ ಈಸ್ಟ್ ಬೆಂಗಾಲ್ ಕರೆಯಿತು. 2024ರ ಜನವರಿ 28ರಂದು ಭುವನೇಶ್ವರದಲ್ಲಿ ಒಡಿಶಾ ಎಫ್‌ಸಿಯನ್ನು 3-2ರಿಂದ ಮಣಿಸಿ ಸೂಪರ್ ಕಪ್ ಗೆಲ್ಲಿಸಿಕೊಟ್ಟರು, ಹನ್ನೆರಡು ವರ್ಷಗಳ ಬಳಿಕ ಆ ಕ್ಲಬ್‌ಗೆ ಸಿಕ್ಕ ದೊಡ್ಡ ರಾಷ್ಟ್ರೀಯ ಪ್ರಶಸ್ತಿ. ಸಿಂಧನೂರಿನ ಆ ಹಿರಿಯರು ಅಂದು ಕ್ಯಾಂಪಿನಲ್ಲಿ ಸಿಹಿ ಹಂಚಿರಬೇಕು. ಅದೇ ವರ್ಷದ ಸೆಪ್ಟೆಂಬರ್ ಕೊನೆಗೆ, ಲೀಗ್‌ನ ಮೊದಲ ಮೂರು ಪಂದ್ಯ ಸೋತ ಮೇಲೆ, ಅಲ್ಲಿಂದಲೂ ಹೊರಟರು.

ನೀವು ಕಂಠೀರವಕ್ಕೆ ಹೋದರೆ ನನ್ನದೊಂದು ಮಾತು ನಡೆಸಿಕೊಡಿ. ಕಾರ್ನರ್ ಸಿಕ್ಕಾಗ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಎದುರಾಳಿಗೆ ಅಡ್ಡ ನಿಲ್ಲುವವನನ್ನು ನೋಡಿ, ಚೆಂಡು ತನಗೆ ಸಿಗುವುದಿಲ್ಲವೆಂದು ಗೊತ್ತಿದ್ದೂ ಜೀವಬಿಟ್ಟು ಓಡುವವನನ್ನು ನೋಡಿ, ಆಮೇಲೆ ಗೆರೆಯಂಚಿಗೆ ತಿರುಗಿ ಅದನ್ನೆಲ್ಲ ಕಲಿಸಿದವನನ್ನು ನೋಡಿ. ಗೋಲಿನ ಪಟ್ಟಿಯಲ್ಲಿ ಇವರ್ಯಾರ ಹೆಸರೂ ಬರುವುದಿಲ್ಲ, ಗೋಲು ಮಾತ್ರ ಇವರಿಂದಲೇ ಬರುತ್ತದೆ.