ಕೋಡಿ ಬಿದ್ದ ದಿನ

ಮೂವತ್ತೈದು ವರ್ಷ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಕುಳಿತವನು ನಾನು. ಮೊದಲನೆಯ ಗಂಟೆಗೆ ಪ್ರಾರ್ಥನೆ, ಎರಡನೆಯದಕ್ಕೆ ಹಾಜರಿ, ಮೂರನೆಯದಕ್ಕೆ ಪಾಠ. ನಿವೃತ್ತನಾದ ಮೇಲೂ ಈ ಅಭ್ಯಾಸ ನನ್ನನ್ನು ಬಿಡಲಿಲ್ಲ. ಬಸ್ಸು ಏಳಕ್ಕೆ ಹೊರಡುವುದಾದರೆ ಆರಕ್ಕೇ ನಿಲ್ದಾಣದಲ್ಲಿ ಇರುತ್ತೇನೆ. ಗೊತ್ತಿಲ್ಲದ ದಾರಿಯೆಂದರೆ ನನಗೆ ಇಂದಿಗೂ ಅಳುಕು. ಇಂಥ ನಾನು ಒಂದು ದಿನ ಹೋಗಬೇಕಾದಲ್ಲಿಗೆ ಹೋಗದೆ, ಹೋಗುತ್ತೇನೆಂದು ಕನಸಿನಲ್ಲಿಯೂ ಎಣಿಸದಿದ್ದ ಕಡೆಗೆ ಹೋಗಿ ಬಂದೆ. ಆ ಸಂಗತಿಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ಅದರಲ್ಲಿ ನನ್ನದೊಂದು ಹಳೆಯ ತಪ್ಪೂ ಸೇರಿಕೊಂಡಿದೆ. ಅದನ್ನು ಮುಚ್ಚಿಡುವುದಿಲ್ಲ.

ಅದು 2022ನೆಯ ಇಸವಿಯ ಸೆಪ್ಟೆಂಬರ್ ತಿಂಗಳ ಮೊದಲ ವಾರ. ಚಿತ್ರದುರ್ಗದಲ್ಲಿ ನಿವೃತ್ತ ಶಿಕ್ಷಕರದೊಂದು ಸಭೆ. ಹನ್ನೊಂದು ಗಂಟೆಗೆ ಆರಂಭ. ಅದರಲ್ಲಿ ನನ್ನದೂ ಒಂದು ಭಾಷಣವಿತ್ತು. ತುಮಕೂರಿನಿಂದ ನಾವು ಮೂವರು ಗೆಳೆಯರು ಬೆಳಗಿನ ಆರಕ್ಕೆ ಹೊರಟೆವು. ಒಬ್ಬರು ಗಣಿತ ಕಲಿಸಿದವರು, ಇನ್ನೊಬ್ಬರು ಭೂಗೋಳ ಕಲಿಸಿದವರು. ಒಂದೇ ಶಾಲೆಯಲ್ಲಿ ಬಹುಕಾಲ ಕೂಡಿ ಕೆಲಸ ಮಾಡಿದ ನಾವು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದು ಕಡಮೆ. ಅವರು ನನಗೆ ಗಣಿತದವರು, ಭೂಗೋಳದವರು. ನಾನು ಅವರಿಗೆ ಕನ್ನಡದವರು. ಕಾರು ಗಣಿತದವರದು. ಅದಕ್ಕೂ ನಮ್ಮ ಹಾಗೆಯೇ ವಯಸ್ಸಾಗಿತ್ತು. ಏರು ಬಂದಾಗ ಸ್ವಲ್ಪ ಕೆಮ್ಮುತ್ತಿತ್ತು.

ಶಿರಾದ ಬಳಿ ಚಹಾಕ್ಕೆಂದು ನಿಲ್ಲಿಸಿದೆವು. ಅಂಗಡಿಯವನು ಲೋಟಗಳನ್ನು ಮುಂದಿಡುತ್ತ, "ನೀವೂ ಮಾರಿಕಣಿವೆಗೇನಾ ಸಾರ್?" ಎಂದು ಕೇಳಿದ. "ಕೋಡಿ ಬಿದ್ದದೆ. ಲೋಕವೆಲ್ಲ ಅಲ್ಲಿಗೇ ಹೋಗ್ತಾ ಅದೆ. ಹಿರಿಯೂರಿನ ಕಡೆಯಿಂದ ಹೋದರೆ ಜಾತ್ರೆ, ಕಾಲಿಡೋಕೂ ಜಾಗವಿಲ್ಲ. ಬುಕ್ಕಾಪಟ್ಟಣ, ಹುಳಿಯಾರಿನ ಮೇಲೆ ಹಳ್ಳಿ ದಾರಿ ಹಿಡೀರಿ."

ನಾವು ಅಲ್ಲಿಗೆ ಹೊರಟವರಲ್ಲವೆಂದು ನಾನು ಹೇಳುವಷ್ಟರಲ್ಲಿ ಗಣಿತದವರು ಲೆಕ್ಕ ಹಾಕಿ ಮುಗಿಸಿದ್ದರು. "ಹತ್ತಕ್ಕೆ ಕೋಡಿ, ಹನ್ನೊಂದೂವರೆಗೆ ಸಭೆ. ತಡವಾಗುವುದು ಅರ್ಧ ಗಂಟೆ ಮಾತ್ರ. ಹೇಗೂ ಮೊದಲ ಅರ್ಧ ಗಂಟೆ ಸ್ವಾಗತದಲ್ಲೇ ಕಳೆಯುತ್ತದೆ" ಎಂದರು. ನಾನು ಒಪ್ಪಲಿಲ್ಲ. ಮಾತು ಕೊಟ್ಟ ಮೇಲೆ ಹೊತ್ತಿಗೆ ಸರಿಯಾಗಿ ಇರಬೇಕೆಂದು ವಾದಿಸಿದೆ. ಭೂಗೋಳದವರು ಮಾತ್ರ ಲೋಟದೊಳಗೆ ನೋಡುತ್ತ ಸುಮ್ಮನಿದ್ದರು. ಕೊನೆಗೆ, "ನಮ್ಮ ತಾಯಿ ಅದನ್ನು ಕಂಡಿದ್ದರು" ಎಂದಷ್ಟೇ ಹೇಳಿದರು. ಆ ಮೇಲೆ ವಾದಕ್ಕೆ ಎಡೆಯಿರಲಿಲ್ಲ. ಕಾರು ಹೆದ್ದಾರಿಯನ್ನು ಬಿಟ್ಟು ಎಡಕ್ಕೆ ತಿರುಗಿತು.

ಮಾರಿಕಣಿವೆ ಎಂದು ಜನ ಕರೆಯುವುದು ಹಿರಿಯೂರಿನ ಸಮೀಪದ ವಾಣಿವಿಲಾಸ ಸಾಗರವನ್ನು. ಬಾಬಾಬುಡನ್ ಗಿರಿಯಲ್ಲಿ ಹುಟ್ಟುವ ವೇದಾ, ಅವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಆ ನದಿ ಎರಡು ಗುಡ್ಡಗಳ ನಡುವೆ ನುಸುಳುವ ಇಕ್ಕಟ್ಟಾದ ಕಣಿವೆಯಲ್ಲಿ ಮೈಸೂರು ಸಂಸ್ಥಾನದವರು ಈ ಅಣೆಕಟ್ಟನ್ನು ಕಟ್ಟಿಸಿದರು. 1898ರಲ್ಲಿ ಆರಂಭವಾದ ಕೆಲಸ 1907ರಲ್ಲಿ ಮುಗಿಯಿತು. ಕೆಲಸ ಆರಂಭವಾದಾಗ ರಾಜ್ಯವನ್ನು ನಡೆಸುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನೇ ಅದಕ್ಕೆ ಇಟ್ಟರು. ಅದು ಹಿಡಿಯಬಲ್ಲ ನೀರು ಸುಮಾರು 30 ಟಿ.ಎಂ.ಸಿ. ಆದರೆ ಆ ಸೀಮೆ ಮಳೆಗೆ ಬಡ ಸೀಮೆ. ಜಲಾಶಯ 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 89 ವರ್ಷ ಅದು ತುಂಬಲಿಲ್ಲ. ಅಷ್ಟರಲ್ಲಿ ಸಂಸ್ಥಾನ ಹೋಯಿತು, ಸ್ವಾತಂತ್ರ್ಯ ಬಂತು, ಹುಟ್ಟಿದವರು ಮುದುಕರಾದರು. ನೋಡಿದೆನೆಂದು ಹೇಳುವವರು ಒಬ್ಬೊಬ್ಬರಾಗಿ ಇಲ್ಲವಾದರು. ಈಚಿನ ವರ್ಷಗಳಲ್ಲಿ ಭದ್ರೆಯ ನೀರನ್ನೂ ಅತ್ತ ಹರಿಸತೊಡಗಿದ್ದರು. ಅದರ ಮೇಲೆ 2022ರ ಮಳೆಯೂ ಕೈಬಿಚ್ಚಿ ಸುರಿಯಿತು.

ಹೆದ್ದಾರಿಯಲ್ಲಿ ಊರುಗಳು ಬರಿಯ ಹಲಗೆಯ ಮೇಲಿನ ಹೆಸರುಗಳು. ಹಳ್ಳಿಯ ದಾರಿಯಲ್ಲಿ ಅವು ಎದುರಿಗೆ ಬಂದು ಮಾತನಾಡಿಸುತ್ತವೆ. ಕೆಂಪು ಮಣ್ಣಿನ ಹೊಲಗಳಲ್ಲಿ ರಾಗಿ ಹಸುರಾಗಿ ನಿಂತಿತ್ತು. ಹಾಲಿನ ಕ್ಯಾನುಗಳನ್ನು ಇಕ್ಕೆಲಕ್ಕೂ ತೂಗುಹಾಕಿಕೊಂಡವರು ಡೈರಿಯತ್ತ ಹೊರಟಿದ್ದರು. ಬುಕ್ಕಾಪಟ್ಟಣದ ಸುತ್ತ ಮುಳ್ಳುಗಿಡಗಳ ಕುರುಚಲು ಕಾಡು. ಅಲ್ಲಿ ಚಿಂಕಾರ ಎಂಬ ಪುಟ್ಟ ಜಾತಿಯ ಹುಲ್ಲೆಗಳಿವೆಯೆಂದು 2019ರಲ್ಲಿ ಅದನ್ನು ವನ್ಯಧಾಮವೆಂದು ಸಾರಿದ್ದಾರೆ. ನಾವು ಕಣ್ಣರಳಿಸಿ ನೋಡಿದರೂ ಒಂದೂ ಕಾಣಲಿಲ್ಲ. ಅವು ನಮ್ಮನ್ನು ನೋಡಿರಬಹುದು.

ದಾರಿ ಕವಲೊಡೆದಲ್ಲೆಲ್ಲ ಕಾರು ನಿಲ್ಲಿಸಿ ಕೇಳುವುದೇ ನಮ್ಮ ಪಾಡಾಯಿತು. ಒಬ್ಬಾಕೆ, "ಮುಂದೆ ಒಂದು ಹುಣಸೆಮರ ಬರ್ತದೆ, ಅಲ್ಲಿ ಬಲಕ್ಕೆ ಹೋಗಬ್ಯಾಡಿ" ಎಂದಳು. ಎಡಕ್ಕೆ ಹೋಗಬೇಕೋ ನೇರಕ್ಕೆ ಹೋಗಬೇಕೋ ಹೇಳಲಿಲ್ಲ. ಇನ್ನೊಬ್ಬ ಮುದುಕ, "ಇಲ್ಲೇ ಸ್ವಾಮಿ, ಒಂದು ಎಲೆಯಡಿಕೆ ಅಗಿಯೋ ಅಷ್ಟು ದೂರ" ಎಂದ. ಗಣಿತದವರು ಎಷ್ಟು ಯೋಚಿಸಿದರೂ ಎಲೆಯಡಿಕೆಯನ್ನು ಕಿಲೋಮೀಟರಿಗೆ ಇಳಿಸಲಾರದೆ ಸೋತರು. ಅವರ ಹತ್ತು ಗಂಟೆಯ ಲೆಕ್ಕ ಹುಳಿಯಾರಿನ ತೆಂಗಿನ ತೋಟಗಳ ನಡುವೆಯೇ ಮುರಿದುಬಿತ್ತು.

ಹುಳಿಯಾರನ್ನು ದಾಟಿ ಹಿರಿಯೂರಿನ ಕಡೆಗೆ ತಿರುಗಿದೆವು. ಅಲ್ಲಿಂದ ಮುಂದೆ ಹತ್ತಿರದ ದಾರಿಯೆಂದು ಯಾರೋ ತೋರಿಸಿದ ಸಣ್ಣ ರಸ್ತೆಯನ್ನು ಹಿಡಿದೆವು. ಅದು ಒಂದು ಕಡೆ ಹಳ್ಳದ ತಳಕ್ಕೆ ಇಳಿದು ಆಚೆ ಮೇಲೇರುತ್ತಿತ್ತು. ಹಿಂದಿನ ರಾತ್ರಿಯ ಮಳೆಗೆ ಹಳ್ಳ ಬಂದಿತ್ತು. ರಸ್ತೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ನೋಡಲು ಮೊಣಕಾಲುದ್ದವೂ ಇಲ್ಲದಂತೆ ತೋರಿತು. "ಇಷ್ಟಕ್ಕೆ ಹೆದರುವುದೇ?" ಎಂದು ಗಣಿತದವರು ಕಾರನ್ನು ಮುಂದಕ್ಕೆ ಬಿಟ್ಟರು. ನಾನೂ ತಡೆಯಲಿಲ್ಲ. ಸಭೆಯ ಹೊತ್ತು ನನ್ನ ತಲೆಯಲ್ಲಿ ಗಂಟೆ ಬಾರಿಸುತ್ತಿತ್ತು.

ಆಗ ದಡದ ಮೇಲಿಂದ ಒಬ್ಬ ಕುರಿಗಾಹಿ ಕೂಗುತ್ತ ಓಡಿಬಂದು ಕಾರಿನ ಎದುರಿಗೇ ನಿಂತ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. "ಇಳೀಬ್ಯಾಡಿ ಸ್ವಾಮಿ! ನೀರು ನಿಂತಂಗೆ ಕಾಣ್ತದೆ, ಅಡಿಯಾಗೆ ಎಳೀತದೆ" ಎಂದ. ತಾನೇ ಅಂಚಿನಲ್ಲಿ ನಾಲ್ಕು ಹೆಜ್ಜೆ ಇಳಿದು ಕೋಲನ್ನು ಊರಿ ತೋರಿಸಿದ. ನಾವು ರಸ್ತೆಯೆಂದುಕೊಂಡಿದ್ದ ಜಾಗದಲ್ಲಿ ಕೋಲು ಅರ್ಧಕ್ಕಿಂತ ಹೆಚ್ಚು ಮುಳುಗಿತು. ನೀರು ರಸ್ತೆಯ ಒಂದು ಮಗ್ಗುಲನ್ನು ಕೊರೆದುಕೊಂಡು ಹೋಗಿತ್ತು. ನಮಗೆ ಯಾರಿಗೂ ಮಾತು ಹೊರಡಲಿಲ್ಲ. ಗಣಿತದವರ ಕೈ ಸ್ವಲ್ಪ ನಡುಗುತ್ತಿದ್ದುದನ್ನು ಕಂಡೆ. ಅವನು ನೀರಿನ ಅಂಚಿನಲ್ಲಿ ಒಂದು ಕಲ್ಲನ್ನು ಇಟ್ಟು, "ಈ ಕಲ್ಲಿಂದ ಎರಡು ಗೇಣು ಇಳೀಲಿ. ಆಗ ಆ ಬದಿಗೆ ಒತ್ತಿಕೊಂಡು ದಾಟಿ. ಅಲ್ಲಿಗಂಟ ಕೂತ್ಕಳಿ" ಎಂದು ಹೇಳಿ, ಏನೂ ಆಗದವನಂತೆ ತನ್ನ ಕುರಿಗಳ ಕಡೆಗೆ ನಡೆದ. ಅವನು ನಮ್ಮ ಹೆಸರು ಕೇಳಲಿಲ್ಲ. ನಾಚಿಕೆಯ ಮಾತೆಂದರೆ, ನಾವೂ ಅವನ ಹೆಸರು ಕೇಳಲಿಲ್ಲ.

ಹೊಂಗೆಯ ನೆರಳಿನಲ್ಲಿ ಕುಳಿತೆವು. ಫೋನುಗಳು ಅಲ್ಲಿ ಕೆಲಸ ಮಾಡುತ್ತಿರಲಿಲ್ಲ. ಕಲ್ಲನ್ನು ನೋಡುವುದನ್ನು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಆಗ ಭೂಗೋಳದವರು ತಮ್ಮ ತಾಯಿಯ ಮಾತನ್ನು ತೆಗೆದರು. 1933ರಲ್ಲಿ ಆಕೆಗೆ ಎಂಟು ವರ್ಷ. ತಂದೆಯೊಡನೆ ಎತ್ತಿನ ಗಾಡಿಯಲ್ಲಿ ಹೋಗಿ ಕೋಡಿಯನ್ನು ನೋಡಿದ್ದಳು. ಮುಪ್ಪಿನಲ್ಲಿ ಮಕ್ಕಳ ಹೆಸರುಗಳು ಮರೆತುಹೋದರೂ ಆ ನೀರಿನ ಸದ್ದು ಮರೆತಿರಲಿಲ್ಲ. "ಮತ್ತೆ ಬೀಳುತ್ತೆ, ನೀನು ನೋಡ್ತೀಯ" ಎಂದು ಮಗನಿಗೆ ಹೇಳುತ್ತಿದ್ದಳು. "ನಾನು ತರಗತಿಯಲ್ಲಿ ಎಷ್ಟೋ ಸಲ ವೇದಾವತಿಯ ನಕ್ಷೆ ಬರೆದೆ. ಆದರೆ ಆಕೆಯ ಮಾತನ್ನು ಮುದುಕಿಯ ಹಂಬಲವೆಂದು ನಕ್ಕುಬಿಡುತ್ತಿದ್ದೆ" ಎಂದು ಅವರು ಸುಮ್ಮನಾದರು.

ಸ್ವಲ್ಪ ಹೊತ್ತಿನ ಮೇಲೆ ಅವರೇ ಮುಂದುವರಿಸಿದರು: "ಕೆರೆ ಕಟ್ಟುವವರು ಏರಿಯ ಜೊತೆಗೇ ಕೋಡಿಯ ಜಾಗವನ್ನೂ ಗೊತ್ತುಮಾಡುತ್ತಿದ್ದರು. ಏರಿ ಎಷ್ಟೇ ಗಟ್ಟಿಯಾಗಿರಲಿ, ಹೆಚ್ಚಿನ ನೀರಿಗೆ ದಾರಿಯಿಲ್ಲದ ಕೆರೆ ಒಂದು ಒಳ್ಳೆಯ ಮಳೆಗೆ ಒಡೆದುಹೋಗುತ್ತದೆ. ಮೇಲಿನ ಕೆರೆಯ ಕೋಡಿಯ ನೀರೇ ಕೆಳಗಿನ ಕೆರೆಗೆ ಜೀವ."

ಈ ಮಾತನ್ನು ಕೇಳುತ್ತಿದ್ದಂತೆ ನನ್ನ ಮನಸ್ಸಿಗೆ ಮೂವತ್ತು ವರ್ಷಗಳ ಹಿಂದಿನ ಒಂದು ಬೆಳಗು ಬಂದು ನಿಂತಿತು. ಆಗ ನಾನೊಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಕಿರುಪರೀಕ್ಷೆಯ ದಿನ ಬಾರದ ಒಬ್ಬ ಹುಡುಗ ಮಾರನೆಯ ದಿನ ಬಂದ. ಕಾಲಿಗೆಲ್ಲ ಕೆಸರು. ಏಕೆ ಬರಲಿಲ್ಲವೆಂದು ಕೇಳಿದೆ. "ಕೆರೆ ಕೋಡಿ ಬಿದ್ದಿತ್ತು ಸಾರ್, ತಾತನ ಸಂಗಡ ನೋಡೋಕೆ ಹೋಗಿದ್ದೆ" ಎಂದ. ಅವನ ಮುಖದಲ್ಲಿ ಹೆದರಿಕೆಗಿಂತ ಹೆಚ್ಚಾಗಿ ಹಿಗ್ಗು ಇತ್ತು. ಹೇಳುವುದು ಇನ್ನೂ ಬಹಳ ಇದ್ದಂತೆ ತುಟಿ ತೆರೆದೇ ಇತ್ತು. ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ತರಗತಿ ನಕ್ಕಿತು. ಅವನ ತುಟಿ ಮುಚ್ಚಿಕೊಂಡಿತು. ಆ ವರ್ಷವೆಲ್ಲ ನನ್ನ ತರಗತಿಯಲ್ಲಿ ಅವನು ತಾನಾಗಿ ಒಂದು ಮಾತನ್ನೂ ಆಡಲಿಲ್ಲ. ಶಿಸ್ತು ಬಂತೆಂದು ನಾನು ಸಂತೋಷಪಟ್ಟೆ.

"ಕನ್ನಡದವರೇ, ಕಲ್ಲು ನೋಡಿ!" ಎಂದು ಗಣಿತದವರು ಕರೆದಾಗ ಎಚ್ಚತ್ತೆ. ನೀರು ಎರಡು ಗೇಣು ಇಳಿದಿತ್ತು. ಕುರಿಗಾಹಿ ತೋರಿಸಿದ ಬದಿಗೆ ಒತ್ತಿಕೊಂಡು ಮೆಲ್ಲಗೆ ದಾಟಿದೆವು.

ನಾವು ಮಾರಿಕಣಿವೆಯನ್ನು ತಲಪಿದಾಗ ಮಧ್ಯಾಹ್ನ ತಿರುಗಿತ್ತು. ದೂರದಿಂದಲೇ ಸದ್ದು ಕೇಳಿಸಿತು. ಗುಡ್ಡಗಳ ನಡುವೆ ಕಣ್ಣು ಹರಿಯುವವರೆಗೂ ನೀರು. ಕೋಡಿಯಲ್ಲಿ ಅದು ಬೆಳ್ಳಗೆ ನೊರೆಯಾಗಿ ಉರುಳುತ್ತಿತ್ತು. ಜನ ಎಲ್ಲೆಲ್ಲಿಂದಲೋ ಬಂದಿದ್ದರು. ಮೊಮ್ಮಕ್ಕಳ ಹೆಗಲು ಹಿಡಿದ ಅಜ್ಜಿಯರು ನೀರಿನತ್ತ ಅರಿಶಿನ ಕುಂಕುಮ ಎರಚಿ ಕೈಮುಗಿಯುತ್ತಿದ್ದರು. ಹೊಲದ ಕೆಲಸ ಬಿಟ್ಟು ಬಂದ ರೈತರು ಮಾತಿಲ್ಲದೆ ನಿಂತಿದ್ದರು. ಭೂಗೋಳದವರು ಜನರಿಂದ ಸ್ವಲ್ಪ ದೂರ ಸರಿದು ಕಣ್ಣು ಮುಚ್ಚಿಕೊಂಡರು. ನೋಡಲೆಂದು ಅಷ್ಟು ದೂರ ಬಂದವರು ಕಣ್ಣೇಕೆ ಮುಚ್ಚಿದರೆಂದು ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅವರು ತಾಯಿ ಕೇಳಿದ ಸದ್ದನ್ನು ಕೇಳುತ್ತಿದ್ದರು.

ಅಲ್ಲಿಂದ ಚಿತ್ರದುರ್ಗಕ್ಕೆ ಫೋನು ಮಾಡಿ, ಮಾತಿಗೆ ತಪ್ಪಿದ್ದಕ್ಕಾಗಿ ಕ್ಷಮೆ ಕೇಳಿದೆ. ಸಭೆ ನಡೆಸಿದವರು ನಕ್ಕು, "ನಿಮ್ಮ ಭಾಷಣವಿಲ್ಲದ್ದರಿಂದ ಊಟ ಹೊತ್ತಿಗೆ ಸರಿಯಾಗಿ ಆಯಿತು" ಎಂದರು.

ವಾಣಿವಿಲಾಸ ಸಾಗರ 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿದ್ದಿತು. 89 ವರ್ಷ ಕಾಯಿಸಿದ್ದು ಎರಡೂವರೆ ವರ್ಷದೊಳಗೆ ಮತ್ತೆ ಬಂತು. ಯಾವುದು ಯಾವಾಗ ಬರುವುದೆಂದು ಹೇಳುವ ವೇಳಾಪಟ್ಟಿ ನನ್ನ ಬಳಿ ಇಲ್ಲ.

ಶಾಲೆ ತಪ್ಪಿಸಿ ಊರು ಸುತ್ತಿರೆಂದು ನಾನು ನಿಮಗೆ ಹೇಳುತ್ತಿಲ್ಲ. ಹಾಗೆ ಹೇಳಿದರೆ ನಿಮ್ಮ ಉಪಾಧ್ಯಾಯರು ನನ್ನನ್ನೇ ಬೆಂಚಿನ ಮೇಲೆ ನಿಲ್ಲಿಸಿಯಾರು. ನಾನು ಹೇಳುತ್ತಿರುವುದು ನನ್ನ ತಪ್ಪಿನ ಮಾತು. ಅಂದು ಆ ಹುಡುಗನಿಗೆ ಕಿರುಪರೀಕ್ಷೆಯನ್ನು ಮತ್ತೊಂದು ದಿನ ಕೊಡಬಹುದಾಗಿತ್ತು. ಅವನನ್ನು ಬೆಂಚಿನ ಮೇಲಲ್ಲ, ಕಪ್ಪು ಹಲಗೆಯ ಮುಂದೆ ನಿಲ್ಲಿಸಿ, "ಏನು ನೋಡಿದೆಯಪ್ಪಾ, ಎಲ್ಲರಿಗೂ ಹೇಳು" ಎನ್ನಬಹುದಾಗಿತ್ತು. ಈಗ ಅವನಿಗೆ ನಲವತ್ತು ದಾಟಿರಬೇಕು. ಎಲ್ಲಿರುವನೋ ತಿಳಿಯದು. ಸಿಕ್ಕಿದರೆ, ನಾನೂ ಒಂದು ಕೋಡಿಯನ್ನು ನೋಡಿ ಬಂದೆನೆಂದು ಹೇಳಿ, ಅವನದರ ಕಥೆಯನ್ನು ಪೂರ್ತಿಯಾಗಿ ಕೇಳಬೇಕೆಂದಿದ್ದೇನೆ.