ನೆಗಡಿಯೂ ಕಿವಿಯೂ

ನೆಗಡಿಯನ್ನು ಲೋಕವು ಮೂಗಿನ ವ್ಯಾಧಿಯೆಂದು ಬಗೆಯುತ್ತದೆ. ವ್ಯಾಕರಣವನ್ನು ಓದಿದವನಿಗೆ ಅದು ಅನುನಾಸಿಕಗಳ ವ್ಯಾಧಿಯಾಗಿಯೂ ತೋರುತ್ತದೆ. ಮೂಗು ಕಟ್ಟಿದವನ ಬಾಯಲ್ಲಿ ಮಕಾರವು ಬಕಾರದತ್ತ, ನಕಾರವು ದಕಾರದತ್ತ ವಾಲಿ, ‘ಮನೆ’ ಎಂಬುದು ‘ಬದೆ’ ಎಂದು ಕೇಳಿಸುತ್ತದೆ. ಇದು ನಗುವ ಮಾತಾಯಿತು. ಕಳೆದ ಮಾರ್ಗಶಿರದಲ್ಲಿ ನನಗೆ ಬಂದ ನೆಗಡಿಯು ಮೂಗನ್ನು ಬಿಟ್ಟು ಕಿವಿಯನ್ನು ಹಿಡಿದಾಗ ನಗು ಉಳಿಯಲಿಲ್ಲ.

ಆರನೆಯ ದಿನದ ರಾತ್ರಿ ಬಲಗಿವಿಯೊಳಗೆ ಸೂಜಿಯಿಂದ ಚುಚ್ಚಿದಂತಹ ನೋವು. ಬೆಳಗಾಗುವಷ್ಟರಲ್ಲಿ ನೋವು ತಗ್ಗಿತಾದರೂ ಕಿವಿಯು ಅರಳೆ ತುರುಕಿದಂತೆ ಮುಚ್ಚಿಹೋಯಿತು. ನನ್ನ ಧ್ವನಿಯೇ ನನಗೆ ಕೊಡದೊಳಗಿಂದ ಬಂದಂತೆ ಗುಮ್ಮೆನ್ನುತ್ತಿತ್ತು. ಎದುರು ಕುಳಿತ ಹುಡುಗರ ಧ್ವನಿಯೋ ಹೊಳೆಯ ಆಚೆಯ ದಡದ್ದು. ಷಟ್ಪದಿಯನ್ನು ಓದಿಸುವಾಗ ವಿದ್ಯಾರ್ಥಿಯು ಮಹಾಪ್ರಾಣವನ್ನು ಉಚ್ಚರಿಸಿದನೋ ನುಂಗಿದನೋ ತಿಳಿಯದು. ಮೂವತ್ತು ವರ್ಷ ಕಿವಿಯಿಂದಲೇ ಉಚ್ಚಾರವನ್ನು ತಿದ್ದಿದವನಿಗೆ ಕಿವಿಯೇ ಹೋದರೆ ಉಳಿಯುವ ಪಾಂಡಿತ್ಯವಾದರೂ ಯಾವುದು? ಈ ಭಯವು ನೋವಿಗಿಂತ ದೊಡ್ಡದಾಗಿತ್ತು.

ಮನೆಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಸಿದ್ಧವಾಗಿತ್ತು. ಒಲ್ಲೆನೆಂದು ವೈದ್ಯರಲ್ಲಿಗೆ ಹೋದೆ. ಅವರು ದೀಪ ಹಿಡಿದು ನೋಡಿ ವಿವರಿಸಿದರು. ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆಯಿದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಸುಮಾರು 3.5 ಸೆಂಟಿಮೀಟರ್ ಉದ್ದದ ನಾಳವೊಂದು ಸಾಗುತ್ತದೆ. 16ನೆಯ ಶತಮಾನದ ಇಟಲಿಯ ವೈದ್ಯ ಯೂಸ್ಟೇಕಿಯ ಹೆಸರು ಅದಕ್ಕಿದೆ. ನುಂಗುವಾಗ, ಆಕಳಿಸುವಾಗ ಅದು ತೆರೆದು ಗಾಳಿಯನ್ನು ಬಿಡುತ್ತದೆ. ನೆಗಡಿಯಲ್ಲಿ ಅದರ ಒಳಪೊರೆ ಊದಿ ದಾರಿ ಮುಚ್ಚುತ್ತದೆ. ಒಳಗಿನ ಗಾಳಿ ಇಂಗಿ ತಮಟೆಯು ಒಳಕ್ಕೆ ಸೆಳೆಯಲ್ಪಡುತ್ತದೆ, ಕೆಲವೊಮ್ಮೆ ನೀರೂ ಕೂಡುತ್ತದೆ. ಹೊರಗಿನಿಂದ ಹೊಯ್ದ ಎಣ್ಣೆ ಅಲ್ಲಿಗೆ ತಲುಪದು. ತಮಟೆ ಹರಿದಿದ್ದರೆ ತಲುಪಿ ಕೇಡನ್ನೇ ಮಾಡುವುದು. ಶಬ್ದವು ಗಾಳಿಯ ನೆರವಿನಿಂದ ನಾಭಿಮೂಲದಲ್ಲಿ ಹುಟ್ಟುವ ಬಗೆಯನ್ನು ಕೇಶಿರಾಜನಿಂದ ಕಲಿತಿದ್ದೆ. ಕೇಳುವವನ ಕಿವಿಯೊಳಗೂ ಗಾಳಿ ಬೇಕೆಂಬುದನ್ನು ಈ ವೈದ್ಯರಿಂದ ಕಲಿತೆ. ಮೂರನೆಯ ವಾರದಲ್ಲಿ, ಊಟದ ನಡುವೆ, ‘ಟಪ್’ ಎಂದು ಕಿವಿ ತೆರೆಯಿತು.

ಅವರು ಹೇಳಿದ ಇನ್ನೊಂದು ಮಾತು ನಮ್ಮಂತಹ ಉಪಾಧ್ಯಾಯರಿಗೆ ಮುಖ್ಯವಾದುದು. ಮಕ್ಕಳಲ್ಲಿ ಈ ನಾಳವು ಗಿಡ್ಡ, ಇಳಿಜಾರೂ ಕಡಿಮೆ. ನೆಗಡಿ ಹೋದರೂ ಒಳಗಿನ ನೀರು ನೋವಿಲ್ಲದೆ ವಾರಗಟ್ಟಲೆ ನಿಲ್ಲಬಲ್ಲದು. ಕೇಳಿಸುತ್ತಿಲ್ಲವೆಂದು ಬಾಲಕನಿಗೇ ಗೊತ್ತಾಗದು. ಎರಡು ಬಾರಿ ಕರೆದರೂ ತಿರುಗದವನನ್ನು, ಉಕ್ತಲೇಖನದಲ್ಲಿ ನೆರೆಯವನ ಪುಸ್ತಕಕ್ಕೆ ಕಣ್ಣು ಹಾಯಿಸುವವನನ್ನು ಗದರುವ ಮೊದಲು ‘ಈಚೆಗೆ ನೆಗಡಿಯಾಗಿತ್ತೇನಪ್ಪ?’ ಎಂದು ಕೇಳುವುದು ಲೇಸು. ಕಿವಿ ಸೋರಿದರೆ, ಜ್ವರವೇರಿದರೆ, ಕಿವಿಯ ಹಿಂಬದಿ ಊದಿದರೆ ಆ ದಿನವೇ ವೈದ್ಯರಿಗೆ ತೋರಿಸತಕ್ಕದ್ದು.

ಈ ವರ್ಷ ಅಂತಹ ಇಬ್ಬರನ್ನು ಮುಂದಿನ ಸಾಲಿಗೆ ಕರೆದು ಕೂರಿಸಿಕೊಂಡೆ. ಒಬ್ಬನ ಕಿವಿ ತಾನಾಗಿ ತೆರೆಯಿತು. ಇನ್ನೊಬ್ಬನನ್ನು ಅವನ ತಂದೆಯವರು ಆಸ್ಪತ್ರೆಗೆ ಕರೆದೊಯ್ದಿದ್ದಾರೆ.