ಸಿಂಕು, ವಾಟ ಮತ್ತು ಅಮ್ಮನ ಬಕೆಟ್ಟು

ಊರಿಗೆ ಹೋಗಿ ಬಂದು ಹದಿನೈದು ದಿನ ಆಯ್ತು. ಕೈಗೆ ಹತ್ತಿದ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ ಅಂತ ನನಗೆ ಅನುಮಾನ. ಹೆಂಡತಿ ಮೂಸಿ ನೋಡಿ, "ಎಂತದೂ ಇಲ್ಲ, ಲಿಂಬೆಹಣ್ಣಿನ ವಾಸನೆ ಬರ್ತಿದೆ ಅಷ್ಟೆ" ಅಂತ ಸರ್ಟಿಫಿಕೇಟ್ ಕೊಟ್ಟಾಗಿದೆ. ಆದರೂ ಊಟಕ್ಕೆ ಕೂತಾಗ ಬಲಗೈ ಒಂದ್ಸಲ ಮೂಗಿನ ಹತ್ತಿರ ಹೋಗಿ ಬರುತ್ತೆ. ಆಗಿದ್ದಿಷ್ಟೆ, ಊರಮನೆಯ ಅಡುಗೆಮನೆ ಸಿಂಕಿನ ಪೈಪು ಕಟ್ಟಿಕೊಂಡಿತ್ತು. ಅದನ್ನ ನಾನು ಬಿಡಿಸಿದೆ. ಇದರಲ್ಲಿ ಬರೆಯೋದೇನಿದೆ ಅಂತೀರಾ? ನಂಗೂ ಮೊದಲು ಹಾಗೇ ಅನ್ನಿಸಿತ್ತು.

ನಮ್ಮೂರು ಹೊಸನಗರ ತಾಲ್ಲೂಕು. ಆದರೆ ನಮಗೆ ಪೇಟೆ ಅಂದ್ರೆ ಸಾಗರ. ಬಟ್ಟೆಮಲ್ಲಪ್ಪದಲ್ಲಿ ಬಸ್ಸಿಳಿದು ಒಳಗೆ ಹೋಗಬೇಕು. ಅಕ್ಕನನ್ನ ಕೊಟ್ಟಿದ್ದು ತೀರ್ಥಹಳ್ಳಿ ಕಡೆ. ಮನೆಯಲ್ಲಿ ಈಗ ಅಮ್ಮ ಒಬ್ಬಳೇ. ಆಷಾಢದಲ್ಲಿ ಅಪ್ಪನ ತಿಥಿ, ಅದಕ್ಕೇ ಎರಡು ದಿನ ಮುಂಚೆ ಹೋಗಿದ್ದೆ. ಮಳೆ ಅಂದ್ರೆ ಮಳೆ. ಹುಲಿಕಲ್ಲು ಇರುವ ತಾಲ್ಲೂಕಲ್ವಾ, ಮಳೆಗೆ ಬಡತನ ಇಲ್ಲ.

ಕಾಫಿ ಕುಡಿದು ಲೋಟ ತೊಳೆಯೋಣ ಅಂತ ನಲ್ಲಿ ತಿರುಗಿಸಿದೆ. ಸಿಂಕಿನ ಕೆಳಗಿಂದ ದಬದಬ ಅಂತ ಸದ್ದು. ಬಗ್ಗಿ ನೋಡಿದ್ರೆ, ಕೆಳಗಿನ ಪೈಪು ಬಿಚ್ಚಿಟ್ಟು ಅದರ ಬಾಯಿಗೆ ಸರಿಯಾಗಿ ಒಂದು ಬಕೆಟ್ ಇಟ್ಟಿದೆ. ಬಕೆಟ್ ಮುಕ್ಕಾಲು ತುಂಬಿದೆ.

"ಇದೆಂತ ಅಮ್ಮಾ?"

"ಎಂತಾ ಇಲ್ಲೆ ತಮಾ. ನೀರು ಒಂಚೂರು ನಿಧಾನಕ್ಕೆ ಹೋಗ್ತು ಅಷ್ಟೆ."

ಒಂದು ಹನಿಯೂ ಹೋಗ್ತಿರಲಿಲ್ಲ. ರಾತ್ರಿ ಅಕ್ಕನಿಗೆ ಫೋನ್ ಮಾಡಿದಾಗ ಗೊತ್ತಾಯ್ತು, ಇದು ಒಂದೂವರೆ ತಿಂಗಳಿನ ಕಥೆ. ದಿನಕ್ಕೆ ಏಳೆಂಟು ಬಕೆಟ್ ಮುಸುರೆ ನೀರು ಹೊತ್ತು, ಹಿತ್ಲಕಡೆ ಬಾಗಿಲಿಂದ ಇಳಿದು, ಹಾವಸೆ ಕಟ್ಟಿದ ಅಂಗಳ ದಾಟಿ ಬಾಳೆ ಬುಡಕ್ಕೆ ಚೆಲ್ಲಿ ಬರೋದು. ಎಪ್ಪತ್ತೆರಡು ವರ್ಷದವಳು. "ಜಾರಿ ಬಿದ್ದಿದ್ದೂ ಹೇಳಿದ್ದಿಲ್ಯನಾ ನಿಂಗೆ?" ಅಂದಳು ಅಕ್ಕ. ಹೇಳಿರಲಿಲ್ಲ. ಮೊಣಕೈ ಹತ್ತಿರ ತರಚಿದ ಗುರುತು ಇತ್ತು, ನಾನೇ ನೋಡಿದ್ದೆ. ಕೇಳಿದ್ದಕ್ಕೆ ಬೇಲಿ ಮುಳ್ಳು ಗೀರಿದ್ದು ಅಂದಿದ್ದಳು.

ಬೆಳಿಗ್ಗೆ ಅಮ್ಮನ್ನ ಕೇಳಿದೆ, ಯಾಕೆ ಹೇಳಲಿಲ್ಲ ಅಂತ.

"ಅಷ್ಟಕ್ಕೆಲ್ಲಾ ಫೋನ್ ಮಾಡಕ್ಕಾ? ನೀ ಅಲ್ಲಿ ಕೂತ್ಕಂಡು ಎಂತ ಮಾಡ್ತೆ?"

ಉತ್ತರ ಇರಲಿಲ್ಲ ನನ್ನ ಹತ್ತಿರ. ಏನು ಮಾಡ್ತಿದ್ದೆ? ಸಾಗರದ ಯಾವುದೋ ಪ್ಲಂಬರ್ ನಂಬರ್ ಹುಡುಕಿ ಫೋನ್ ಮಾಡ್ತಿದ್ದೆ, ದುಡ್ಡು ಕಳಿಸ್ತಿದ್ದೆ, ಅವನು ಬಂದನಾ ಅಂತ ಕೇಳೋದನ್ನ ಮರೀತಿದ್ದೆ.

ಇನ್ನೊಂದು ವಿಷಯ ಇದೆ. ಆ ಸಿಂಕು ಹಾಕಿಸಿದ್ದು ನಾನೇ. 2012ರಲ್ಲಿ. ಅದಕ್ಕೂ ಮುಂಚೆ ನಮ್ಮಲ್ಲಿ ಪಾತ್ರೆ ತೊಳೆಯೋದು ಹಿತ್ಲಲ್ಲಿ, ಕಲ್ಲಿನ ಮೇಲೆ. ತೊಳೆದ ನೀರು ಅಡಿಕೆ ಮರ ಸೀಳಿ ತಿರುಳು ತೆಗೆದು ಮಾಡಿದ ದಂಬೆಯಲ್ಲಿ ಹರಿದು, ಬಸಳೆ ಚಪ್ಪರದ ಬುಡ, ಕೆಸು, ಬಾಳೆ ಎಲ್ಲಾ ಸುತ್ತಿ ಇಂಗಿ ಹೋಗ್ತಿತ್ತು. ಅನ್ನದ ಅಗುಳು ಕಾಗೆಗೆ. ಎಲ್ಲಾದರೂ ಕಸ ಸಿಕ್ಕಿಕೊಂಡ್ರೆ ಕಣ್ಣಿಗೆ ಕಾಣೋದು, ಅಮ್ಮ ಒಂದು ಕೋಲಲ್ಲಿ ಎಬ್ಬಿಸಿದ್ರೆ ಮುಗೀತು. ಇದನ್ನ ಬರೀತಾ 'ಆಹಾ ಹಳೇ ಕಾಲವೇ' ಅಂತ ಹಾಡೋಕೆ ಹೊರಟಿದೀನಿ ಅಂದ್ಕೋಬೇಡಿ. ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು, ಕುಕ್ಕರಗಾಲಲ್ಲಿ ಕೂತು ಹದಿನೈದು ಜನರ ಪಾತ್ರೆ ತಿಕ್ಕಿದವಳಿಗೆ ಮಾತ್ರ ಗೊತ್ತು ಅದರ ಸುಖ. ಅಮ್ಮನ ಮಂಡಿನೋವು ಶುರುವಾಗಿದ್ದೇ ಅಲ್ಲಿ. ಅದಕ್ಕೇ ನಾನು ಹಟ ಮಾಡಿ ಒಳಗೆ ಸಿಂಕು ಹಾಕಿಸಿದ್ದು. ಅದು ಸರಿಯೇ. ತಪ್ಪಿದ್ದು ಆಮೇಲಿನ ಕೆಲಸ. ಅಂಗಳದಲ್ಲಿ ಕೊಳಕು ನೀರು ಕಾಣಬಾರದು ಅಂತ, ಒಂದೂವರೆ ಇಂಚಿನ ಪೈಪನ್ನ ಅಂಗಳದ ಅಡಿಗೆ ಹೂತು, ಮೇಲೆ ಸಿಮೆಂಟು ಹಾಕಿಸಿ, ಆ ಕಡೆ ಧರೆಯ ಅಂಚಿನವರೆಗೆ ಒಯ್ದಿದ್ದೆ. ಇಪ್ಪತ್ತಾರು ಅಡಿ. ಆವತ್ತು ಅಪ್ಪ ಹೆಗಲ ಮೇಲೆ ಟವೆಲ್ ಹಾಕ್ಕೊಂಡು ನಿಂತು ನೋಡಿ, "ವಾಟ ಸಾಲ್ತಿಲ್ಲೆ" ಅಂದಿದ್ದ. "ಗಾರೆಯವನಿಗೆ ಗೊತ್ತಿರ್ತದೆ ಅಪ್ಪಯ್ಯಾ" ಅಂದಿದ್ದೆ ನಾನು.

ಸರಿ, ಕೆಲಸಕ್ಕೆ ಇಳಿದೆ. ನಾಡಿದ್ದು ತಿಥಿ. ಮೂವತ್ತು ಜನರ ಊಟ. ಅಷ್ಟು ಪಾತ್ರೆಯ ನೀರನ್ನ ಬಕೆಟ್ಟಲ್ಲಿ ಹೊರೋಕಾಗುತ್ತಾ?

ಮೊದಲ ಪ್ರಯೋಗ ಬಿಸಿನೀರು. ಬಚ್ಚಲ ಹಂಡೆಯಲ್ಲಿ ಯಾವಾಗಲೂ ಇರುತ್ತಲ್ಲ, ನಾಲ್ಕು ಚೊಂಬು ಪೈಪಿಗೆ ಹೊಯ್ದೆ. ಒಂಚೂರು ಇಳಿದ ಹಾಗಾಯ್ತು, ಮತ್ತೆ ನಿಂತಿತು. ಆಮೇಲೆ ಯೋಚನೆ ಮಾಡಿದಾಗ ಕಾರಣ ಹೊಳೀತು. ಮಳೆಗಾಲದಲ್ಲಿ ನಮ್ಮನೆ ತೆಂಗಿನೆಣ್ಣೆ ಬಾಟ್ಲಿ ಯಾವತ್ತಾದ್ರೂ ಸಲೀಸಾಗಿ ಬಗ್ಗಿದ್ದಿದೆಯಾ? ಇಪ್ಪತ್ನಾಲ್ಕು ಡಿಗ್ರಿಗಿಂತ ಕೆಳಗೆ ಹೋದ್ರೆ ಅದು ಹೆಪ್ಪುಗಟ್ಟುತ್ತೆ. ಬಾಟ್ಲಿಯಲ್ಲೇ ಹಾಗಾದ್ರೆ, ಒದ್ದೆ ಮಣ್ಣಿನ ಕೆಳಗಿನ ಪೈಪಿನಲ್ಲಿ? ಬಿಸಿನೀರು ಹೊಯ್ದಾಗ ಮೊದಲ ನಾಲ್ಕಡಿಯ ಜಿಡ್ಡು ಕರಗಿ, ಐದನೇ ಅಡಿಗೆ ಹೋಗಿ ಮತ್ತೆ ಕೂರುತ್ತೆ. ಇನ್ನೂ ಕುದಿಯೋ ನೀರು ಹೊಯ್ಯೋಣ ಅಂದ್ರೆ ಪಿವಿಸಿ ಪೈಪು ಮೆತ್ತಗಾಗುತ್ತೆ.

ಎರಡನೇದು ಯೂಟ್ಯೂಬಿನವರ ಪ್ರಯೋಗ. ಅಡುಗೆ ಸೋಡ ಹಾಕಿ ವಿನೆಗರ್ ಹೊಯ್ಯೋದು. ಬುಸ್ಸ್ ಅಂತ ನೊರೆ ಬಂತು, ನೋಡೋಕೆ ಚೆಂದ ಇತ್ತು, ಅಷ್ಟೆ. ಒಂದು ಕ್ಷಾರ, ಒಂದು ಆಮ್ಲ. ಎರಡೂ ಸೇರಿ ಒಂದರ ಬಲವನ್ನ ಇನ್ನೊಂದು ತಿಂದು ಹಾಕುತ್ತೆ. ಗ್ಯಾಸು ಮೇಲೆ ಹೋಗುತ್ತೆ, ಕಟ್ಟಿದ್ದು ಕಟ್ಟಿದ ಹಾಗೇ ಇರುತ್ತೆ.

ಆಗ ಅಮ್ಮ ಮೆತ್ತಗೆ ಇನ್ನೊಂದು ಗುಟ್ಟು ಬಿಟ್ಟಳು. ಯಾರೋ ಹೇಳಿದ್ರು ಅಂತ ಅಂಗಡಿಯಿಂದ ಎರಡು ಪ್ಯಾಕೆಟ್ ಪೈಪು ಕ್ಲೀನು ಮಾಡೋ ಪುಡಿ ತರಿಸಿ ಹಾಕಿದ್ದಳಂತೆ. ನನಗೆ ಮೈ ಜುಂ ಅಂತು. ಅದು ಕಾಸ್ಟಿಕ್ ಸೋಡ. ನಾನು ಬರಿಗೈ ಹಾಕಿದ್ರೆ ಚರ್ಮ ಸುಲೀತಿತ್ತು. ಅದರ ಮೇಲೆ ಇನ್ಯಾರಾದ್ರೂ ಆಸಿಡ್ ಹೊಯ್ದಿದ್ರೆ ಕುದ್ದು ಮುಖಕ್ಕೇ ಹಾರೋದು. ಪೈಪಿಗೆ ಕೈ ಹಾಕೋ ಮುಂಚೆ 'ಇದರೊಳಗೆ ಏನೇನು ಹಾಕಿದೀರಿ' ಅಂತ ಕೇಳಬೇಕು. ಈ ಬರಹದಲ್ಲಿ ಬೇರೇನೂ ನೆನಪಿಡದಿದ್ರೂ ಇದೊಂದು ನೆನಪಿಡಿ. ಕೈಗೆ ಎರಡೆರಡು ಪ್ಲಾಸ್ಟಿಕ್ ಕವರು ಕಟ್ಟಿಕೊಂಡೆ, ಕನ್ನಡಕ ಹೇಗೂ ಇತ್ತು.

ಮೂರನೇದು ಕೋಲು. ಅಡಿಕೆ ದಬ್ಬೆ ಸೀಳಿ ತೂರಿಸಿದ್ರೆ ಮೊದಲನೇ ಬೆಂಡಿನಲ್ಲೇ ಮುರೀತು. ಹಳೇ ಸೈಕಲ್ಲಿನ ಬ್ರೇಕ್ ವೈರು ಬೆಂಡು ದಾಟಿತು, ಉದ್ದ ಸಾಲಲಿಲ್ಲ. ಪ್ಲಂಬರಿಗೆ ಫೋನ್ ಮಾಡಿದ್ರೆ "ಮುಂದಿನ ವಾರ ನೋಡುವ" ಅಂದ್ರು.

"ತೋಟಕ್ಕೆ ಬರವನ್ನ ಕರಸು, ನೀ ಕೈ ಹಾಕಡ" ಅಂದಳು ಅಮ್ಮ. ಅವರು ಕೊಳೆ ಔಷಧಿ ಹೊಡೆಯೋಕೆ ಹೋಗಿದ್ರು. ಮಳೆ ಅರ್ಧ ದಿನ ಹೊಳವಾದ್ರೆ ಸಾಕು, ಊರಿಗೆ ಊರೇ ಮರದ ತುದಿಯಲ್ಲಿರುತ್ತೆ. ಆದರೆ ಅವರು ಬಿಡುವಾಗಿದ್ರೂ ಕರೆಯೋಕೆ ನನಗೆ ಮನಸ್ಸಿರಲಿಲ್ಲ. ನಾವು ತಿಂದು ಬಿಟ್ಟ ಜಿಡ್ಡು, ನಮ್ಮ ಮನೆ ಮುಸುರೆ. ನಾನು ಹಾಕಿಸಿದ ಪೈಪು. ಅದಕ್ಕೆ ಅವರು ಯಾಕೆ ಕೈ ಹಾಕಬೇಕು? ಮಲ ಹೊರಿಸೋದನ್ನ ನಿಷೇಧಿಸಿ 2013ರಲ್ಲಿ ದೇಶಕ್ಕೇ ಹೊಸ ಕಾನೂನು ಬಂತು. ಇದು ಬರೀ ಅಡುಗೆಮನೆ ನೀರು, ಅದಕ್ಕೂ ಇದಕ್ಕೂ ಹೋಲಿಕೆ ಇಲ್ಲ, ಒಪ್ಪಿದೆ. ಆದರೆ ಗಲೀಜು ಕಂಡ ಕೂಡ್ಲೇ 'ಕರಸು' ಅನ್ನೋ ಮಾತು ನಮ್ಮ ಬಾಯಿಗೆ ಬರುತ್ತಲ್ಲ, ಅದೆಲ್ಲಿಂದ ಬಂತು ಅಂತ ಆವತ್ತು ಯೋಚನೆ ಹತ್ತಿತು.

ಕೊನೆಗೆ ದಾರಿ ಸಿಕ್ಕಿದ್ದು ತಲೆಕೆಳಗಾಗಿ ಯೋಚಿಸಿದಾಗ. ಮೇಲಿನಿಂದ ಕೆಳಗೆ ನೂಕಿದ್ರೆ ಕಸ ಇನ್ನಷ್ಟು ಬಿಗಿಯಾಗುತ್ತೆ. ಕೆಳಗಿನಿಂದ ಹೋದ್ರೆ? ತೋಟಕ್ಕೆ ನೀರು ಬಿಡೋ ಅರ್ಧ ಇಂಚಿನ ಕಪ್ಪು ಪೈಪು ಸುರುಳಿ ಕೊಟ್ಟಿಗೆಯಲ್ಲಿತ್ತು. ತುದಿಯನ್ನ ಓರೆಯಾಗಿ ಕತ್ತರಿಸಿದೆ. ಇನ್ನೊಂದು ತುದಿಯನ್ನ ಗುಡ್ಡದಿಂದ ಬರುವ ಅಬ್ಬಿ ನೀರಿನ ನಲ್ಲಿಗೆ ಸಿಕ್ಕಿಸಿದೆ. ಧರೆಯಂಚಿನಲ್ಲಿ ಮಂಡಿಯೂರಿ ಕೂತು, ಪೈಪಿನ ಬಾಯಿಂದ ಒಳಗೆ ತೂರಿಸುತ್ತಾ ಹೋದೆ. ಹತ್ತು ಅಡಿ ಸಲೀಸು. ಹದಿನಾಲ್ಕಕ್ಕೆ ತಡೆ. ಹಿಂದೆ ಎಳೆದು ಮುಂದೆ ನೂಕಿ, ಹಿಂದೆ ಎಳೆದು ಮುಂದೆ ನೂಕಿ... ಬೆನ್ನ ಮೇಲೆ ಮಳೆ, ಕಾಲಿಗೆ ಉಂಬಳ. ಅರ್ಧ ಗಂಟೆ ಆಗಿರಬಹುದು. ಒಳಗೆಲ್ಲೋ 'ಗುಳುಕ್' ಅಂತು. ನಾನು ಏನಾಯ್ತು ಅಂತ ಬಗ್ಗಿ ನೋಡಿದೆ. ನೋಡಬಾರದಿತ್ತು :)

ಮುಖ ತೊಳೆದುಕೊಂಡು ಬಂದು, ಬಿದ್ದಿದ್ದನ್ನೆಲ್ಲ ಕೋಲಲ್ಲಿ ಕೆದಕಿ ನೋಡಿದೆ. ಬೂದಿ, ತೆಂಗಿನ ನಾರು, ಕರಿಬೇವಿನ ದಂಟು, ಮತ್ತೆ ಮುಷ್ಟಿಗಾತ್ರದ ಬಿಳೀ ಗಟ್ಟಿಗಳು. ಅದು ಸಾಬೂನು! ಎಣ್ಣೆಗೆ ಕಾಸ್ಟಿಕ್ ಸೇರಿದ್ರೆ ಸಾಬೂನೇ ಆಗೋದು. ಅಮ್ಮ ಎರಡು ಪ್ಯಾಕೆಟ್ ಸುರಿದು ಪೈಪಿನೊಳಗೆ ಸಾಬೂನು ಫ್ಯಾಕ್ಟರಿ ತೆಗೆದಿದ್ದಳು. ಬೂದಿ ಎಲ್ಲಿಂದ ಬಂತು ಅಂದ್ರೆ, ಒಲೆಯ ಮೇಲಿಟ್ಟ ಮಸಿ ಪಾತ್ರೆಗೆ ಅಮ್ಮ ಈಗಲೂ ಬೂದಿ ಹಾಕಿ ನಾರಲ್ಲೇ ತಿಕ್ಕೋದು. ಅರವತ್ತು ವರ್ಷದ ಅಭ್ಯಾಸ. ದಂಬೆಯಲ್ಲಿ ಹೋಗುವಾಗ ಬೂದಿ ಗಿಡಕ್ಕೆ ಗೊಬ್ಬರ. ಪೈಪಿನಲ್ಲಿ ಅದೇ ಬೂದಿ ತಳ ಸೇರಿ ಗಾರೆಯಾಗುತ್ತೆ.

ಸಂಜೆ ಲೆವೆಲ್ ಪೈಪಿಗೆ ನೀರು ತುಂಬಿ ಎರಡೂ ತುದಿ ಅಳೆದೆ. ಒಂದೂವರೆ ಇಂಚಿನ ಪೈಪಿಗೆ ಅಡಿಗೆ ಕಾಲು ಇಂಚಿನಂತೆ ವಾಟ ಕೊಡಬೇಕು ಅನ್ನೋದು ಲೆಕ್ಕ. ಇಪ್ಪತ್ತಾರು ಅಡಿಗೆ ಆರೂವರೆ ಇಂಚು ಆಯ್ತು. ನಮ್ಮದರಲ್ಲಿ ಇದ್ದಿದ್ದು ಎರಡು ಇಂಚು. ಅಪ್ಪ ಟವೆಲ್ ಹಾಕ್ಕೊಂಡು ಬರೀ ಕಣ್ಣಲ್ಲಿ ನೋಡಿ ಹೇಳಿದ್ದು ಸರಿ ಇತ್ತು. ಅದನ್ನ ಅವನಿಗೆ ಹೇಳೋಕೆ ಈಗ ಅವನಿಲ್ಲ. ತಿಥಿಯ ದಿನ ಪಿಂಡಕ್ಕೆ ನೀರು ಬಿಡುವಾಗ ಭಟ್ಟರು ಹೇಳಿದ ಮಂತ್ರದ ಮಧ್ಯೆ ನನ್ನ ತಲೆಯಲ್ಲಿ ಇದೇ ಓಡ್ತಿತ್ತು. ಮನಸ್ಸಲ್ಲೇ ಹೇಳಿಕೊಂಡೆ.

ತಿಥಿ ಮುಗಿದ ಮಾರನೇ ದಿನ ಅಕ್ಕನನ್ನ ಬಿಡೋಕೆ ತೀರ್ಥಹಳ್ಳಿ ಕಡೆ ಹೋದೆ. ಅವಳ ಮನೆ ಸಿಂಕು ಯಾವತ್ತೂ ಕಟ್ಟಿಲ್ಲವಂತೆ. ಹಿಂದೆ ಹೋಗಿ ನೋಡಿದ್ರೆ ವ್ಯವಸ್ಥೆ ಬಲು ಸರಳ. ಪೈಪು ಗೋಡೆ ದಾಟಿದ ಕೂಡ್ಲೇ ಒಂದೂವರೆ ಅಡಿಯ ಇಟ್ಟಿಗೆ ತೊಟ್ಟಿ. ಬಾಯಿಗೆ ತೂತಿನ ತಗಡು, ನಾರು ಅಗುಳು ಅಲ್ಲೇ ನಿಲ್ಲುತ್ತೆ. ತೊಟ್ಟಿಯಿಂದ ನೀರು ಹೊರಹೋಗೋ ಪೈಪಿಗೆ ಒಳಗಡೆಯಿಂದ ಒಂದು ಬೆಂಡು ಕೆಳಮುಖ ಮಾಡಿ ಹಾಕಿದಾರೆ, ಅದರ ಬಾಯಿ ನೀರಲ್ಲಿ ಮುಳುಗಿರುತ್ತೆ. ಜಿಡ್ಡು ಹಗುರ, ಮೇಲೆ ತೇಲುತ್ತೆ. ಬೂದಿ ಭಾರ, ತಳಕ್ಕೆ ಕೂರುತ್ತೆ. ಮಧ್ಯದ ನೀರು ಮಾತ್ರ ಹೊರಗೆ ಹೋಗುತ್ತೆ. ಅಲ್ಲಿಂದ ಮುಂದೆ ತೆರೆದ ಚರಂಡಿ, ಬಾಳೆ ಬುಡಕ್ಕೆ. ನೀರು ನಿಂತ್ರೆ ಸೊಳ್ಳೆ ಆಗುತ್ತೆ ಅಂತ ಚೆನ್ನಾಗಿ ವಾಟ ಕೊಟ್ಟಿದಾರೆ. "ವಾರಕ್ಕೊಂದ್ಸಲ ಭಾವ ತೆಗೀತ" ಅಂದಳು ಅಕ್ಕ. ಭಾವ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ್ರು.

ವಾಪಸ್ ಬರ್ತಾ ಸಾಗರಕ್ಕೆ ಹೋಗಿ ಎರಡು ಇಂಚಿನ ಪೈಪು, ಎರಡು ಬೆಂಡು, ಸಿಮೆಂಟು ತಂದೆ. ಹನ್ನೆರಡು ವರ್ಷಕ್ಕೂ ಹಳೆಯ ಅಂಗಳದ ಸಿಮೆಂಟನ್ನ ನಾನೇ ಒಡೆದೆ. ತೋಟದವರು ಸಂಜೆ ಬಂದು, "ಅಯ್ಯ, ಹಾರೆ ಹಿಡಿಯೋದು ಹಾಗಲ್ಲ" ಅಂತ ಕೈಯಿಂದ ಇಸ್ಕೊಂಡು ತೋರಿಸಿಕೊಟ್ರು. ಇಟ್ಟಿಗೆ ಇಬ್ಬರೂ ಸೇರಿ ಇಟ್ವಿ. ರಜ ಎರಡು ದಿನ ಮುಂದೆ ಹಾಕಿದೆ.

ಈಗ ಸಿಂಕು ಒಳಗೇ ಇದೆ. ಅಮ್ಮ ನಿಂತುಕೊಂಡೇ ಪಾತ್ರೆ ತೊಳೀತಾಳೆ. ನೀರು ಮಾತ್ರ ಅಂಗಳದಲ್ಲಿ ಕಾಣೋ ಹಾಗೆ ಹೋಗುತ್ತೆ. ನೋಡೋಕೆ ಅಷ್ಟು ಚೆಂದ ಇಲ್ಲ. ಆದರೆ ಕಟ್ಟಿಕೊಂಡ್ರೆ ಅದೇ ದಿನ ಕಾಣುತ್ತೆ. ನನಗೆ ಬೇಕಾಗಿದ್ದು ಅಷ್ಟೇ. ಅಂಗಳದ ಕೊಳಕು ಕಾಣಬಾರದು ಅಂತ ನಾನು ಪೈಪು ಹೂತಾಗ, ಅಮ್ಮನ ಬಕೆಟ್ಟೂ ಅದರ ಜೊತೆಗೇ ಕಾಣದ ಹಾಗಾಗಿತ್ತು.

ಮೊನ್ನೆ ಫೋನ್ ಮಾಡಿದ್ದೆ. ಸಾಮಾನ್ಯವಾಗಿ 'ಊಟ ಆತಾ, ಮಳೆ ಇದ್ದಾ' ಇಷ್ಟರಲ್ಲಿ ಮುಗಿಯೋ ಮಾತು. ಈ ಸಲ ನಾನು, "ನೀರು ಹೋಗ್ತಿದ್ದಾ?" ಅಂತ ಕೇಳಿದೆ.

"ಹೋಗ್ತಿದ್ದು. ಆದ್ರೆ ತೊಟ್ಟಿ ತಗಡು ಒಂಚೂರು ಸಡಿಲ ಆಯ್ದು. ನೀ ಬಂದಾಗ ನೋಡು" ಅಂದಳು.

ಕೇಳದೇ ತಾನಾಗಿಯೇ ಹೇಳಿದ ಮೊದಲ ದೂರು ಅದು. ಮುಂದಿನ ಶನಿವಾರ ಹೋಗ್ತಿದೀನಿ.

ನಿಮ್ಮನೆ ಸಿಂಕಿನ ನೀರು ಎಲ್ಲಿಗೆ ಹೋಗುತ್ತೆ, ನೋಡಿದೀರಾ? ಊರಮನೆಯದ್ದು ಕೇಳ್ತಿರೋದು. ಹೋದಾಗ ಒಂದ್ಸಲ ಬಗ್ಗಿ ನೋಡಿ. ಕೆಳಗೆ ಬಕೆಟ್ ಇದ್ದರೂ ಇರಬಹುದು.